ಪ್ರಮಾಣಪತ್ರವೂ ವ್ಯಾಪಾರದ ಬಾಗಿಲೂ

ಯಾವುದೊಂದು ವಿಷಯವನ್ನು ಸಿದ್ಧಪಡಿಸಬೇಕಾದರೂ ಪ್ರಮಾಣವು ಬೇಕೆಂಬುದು ನಮ್ಮ ಶಾಸ್ತ್ರಕಾರರ ಮತ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಅಂಗೀಕರಿಸಿರುವರು. ಲೋಕವ್ಯವಹಾರವೂ ಬಹುಮಟ್ಟಿಗೆ ಈ ದಾರಿಯಲ್ಲಿಯೇ ನಡೆಯುತ್ತದೆ. ಹೊಲವು ತನ್ನದೆನ್ನುವವನು ಕ್ರಯಪತ್ರವನ್ನು ತೋರಿಸಬೇಕು. ವಿದ್ಯೆಯನ್ನು ಕಲಿತಿರುವೆನೆನ್ನುವವನು ಪರೀಕ್ಷೆಯ ಪತ್ರವನ್ನು ತರಬೇಕು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಒಬ್ಬನ ದೇಹದಲ್ಲಿರುವ ಊನಕ್ಕೂ, ಅವನ ಹೃದಯದ ಒಲವು ಯಾರ ಕಡೆಗೆ ಹರಿಯುವುದೆಂಬುದಕ್ಕೂ ಪ್ರಮಾಣವನ್ನು ಕೇಳಿ, ಆ ಪ್ರಮಾಣವನ್ನು ತಂದವನಿಗೆ ವ್ಯಾಪಾರದ ಬಾಗಿಲನ್ನು ತೆರೆಯುವ ಪದ್ಧತಿಯೊಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆದುಬಂದಿದೆ. ಅದರ ಹೆಸರನ್ನು ಕೇಳಿದವರು ಹಲವರಿದ್ದರೂ ಅದರ ಹಿಂದಿನ ಕಥೆಯನ್ನು ಬಲ್ಲವರು ವಿರಳ. ಆ ಕಥೆಯನ್ನು ಆದಷ್ಟು ಕ್ರಮವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಪದ್ಧತಿಯ ಸ್ವರೂಪವನ್ನು ತಿಳಿಯಬೇಕು. ದೊಡ್ಡದೊಂದು ಕಂಪೆನಿಯು ತಾನು ಮಾರುವ ಸರಕನ್ನೆಲ್ಲ ತಾನೇ ತಯಾರಿಸುವುದಿಲ್ಲ. ಕಾಗದ, ಮುದ್ರಣ, ಸಮವಸ್ತ್ರ, ಊಟದ ವ್ಯವಸ್ಥೆ, ಸರಕು ಸಾಗಣೆ, ಲೆಕ್ಕಪತ್ರ, ಗಣಕಯಂತ್ರದ ಕೆಲಸ ಇವೆಲ್ಲವನ್ನೂ ಹೊರಗಿನವರಿಂದ ಕೊಳ್ಳುತ್ತದೆ. ಹೀಗೆ ಕೊಳ್ಳುವಾಗ ಪರಿಚಿತರಿಂದಲೇ ಕೊಳ್ಳುವುದು ಮನುಷ್ಯಸ್ವಭಾವ. ಜೊತೆಯಲ್ಲಿ ಓದಿದವರು, ಒಂದೇ ಸಂಘದಲ್ಲಿ ಊಟಮಾಡುವವರು, ತಂದೆಯ ಕಾಲದಿಂದ ನಡೆದುಬಂದ ಅಂಗಡಿಯವರು, ಇವರಿಗೆ ಟೆಂಡರಿನ ಸುದ್ದಿ ಮೊದಲು ತಿಳಿಯುತ್ತದೆ. ಈ ವಲಯದ ಹೊರಗಿರುವವನ ಸರಕು ಎಷ್ಟೇ ಒಳ್ಳೆಯದಾಗಿದ್ದರೂ ಅದನ್ನು ತೋರಿಸುವ ಅವಕಾಶವೇ ಅವನಿಗೆ ಒದಗುವುದಿಲ್ಲ. ಇದನ್ನು ಸರಿಪಡಿಸುವುದಕ್ಕಾಗಿ, ಹೊರಗುಳಿದ ವರ್ಗಗಳಿಗೆ ಸೇರಿದ ಮಾಲೀಕರನ್ನು ಹುಡುಕಿ ಅವರ ಸರಕನ್ನೂ ಪರಿಶೀಲಿಸಬೇಕೆಂದು ಕಂಪೆನಿಗಳು ಮಾಡಿಕೊಂಡ ಏರ್ಪಾಡಿಗೆ ‘ಸರಬರಾಜುದಾರರ ವೈವಿಧ್ಯ’ ಎಂದು ಹೆಸರು. ಮಾಲೀಕನು ನಿಜವಾಗಿಯೂ ಅಂಥ ವರ್ಗದವನೇ ಎಂಬುದನ್ನು ಮೂರನೆಯ ಸಂಸ್ಥೆಯೊಂದು ವಿಚಾರಿಸಿ ಕೊಡುವ ಪತ್ರವೇ ಇಲ್ಲಿ ಹೇಳಹೊರಟಿರುವ ಪ್ರಮಾಣಪತ್ರ.

ಈ ಪತ್ರದ ಮಹತ್ತ್ವವು ಮನಸ್ಸಿಗೆ ಬರಬೇಕಾದರೆ ಅದಕ್ಕೆ ಮುಂಚೆ ಅದೇ ದೇಶದಲ್ಲಿದ್ದ ಬೇರೆ ಬಗೆಯ ಪತ್ರಗಳನ್ನು ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋ ನಗರವು 1867ರಲ್ಲಿ ಒಂದು ಕಟ್ಟಳೆಯನ್ನು ಮಾಡಿತು. ವಿಕಾರವಾದ ಅಂಗಗಳುಳ್ಳವರು ಬೀದಿಗಳಲ್ಲಿಯೂ ಸಾರ್ವಜನಿಕ ಸ್ಥಳಗಳಲ್ಲಿಯೂ ಜನರ ಕಣ್ಣಿಗೆ ಬೀಳಕೂಡದೆಂಬುದು ಅದರ ಸಾರ. ಷಿಕಾಗೋ ನಗರವು 1881ರಲ್ಲಿ ಅಂಥದೇ ಕಟ್ಟಳೆಯನ್ನು ಮಾಡಿತು. ಅದು ರದ್ದಾದುದು 1974ರಲ್ಲಿ. ಬೀದಿಯಲ್ಲಿಯೇ ನಿಲ್ಲಕೂಡದವನು ಬೀದಿಯಲ್ಲಿ ಅಂಗಡಿಯನ್ನು ಇಡುವ ಮಾತೆಲ್ಲಿಯದು?

ಮತ್ತೊಂದು ಉದಾಹರಣೆ ಇನ್ನೂ ಈಚಿನದು. ಜೂಡಿ ಹ್ಯೂಮನ್ ಎಂಬಾಕೆ 1947ರಲ್ಲಿ ಹುಟ್ಟಿದವಳು. ಎಳೆತನದಲ್ಲಿಯೇ ಪೋಲಿಯೋ ರೋಗ ತಗಲಿ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. ಆಕೆ ಓದಿ, ಉಪಾಧ್ಯಾಯಿನಿಯಾಗಲು ಬೇಕಾದ ಪರೀಕ್ಷೆಗಳನ್ನು ಮುಗಿಸಿದಳು. ಆದರೆ ನ್ಯೂಯಾರ್ಕ್ ನಗರದ ವಿದ್ಯಾಮಂಡಲಿಯು ವೈದ್ಯಪರೀಕ್ಷೆಯ ಕಾರಣವನ್ನು ಹೇಳಿ 1970ರಲ್ಲಿ ಆಕೆಗೆ ಅನುಮತಿಪತ್ರವನ್ನು ನಿರಾಕರಿಸಿತು. ಬೆಂಕಿ ಬಿದ್ದರೆ ಆಕೆ ತಾನೂ ಪಾರಾಗಲಾರಳು, ಮಕ್ಕಳನ್ನೂ ಪಾರುಮಾಡಲಾರಳು ಎಂಬುದು ಅವರ ವಾದ. ಆಕೆ ನ್ಯಾಯಾಲಯಕ್ಕೆ ಹೋಗಿ ಅನುಮತಿಪತ್ರವನ್ನು ಪಡೆದು, ಆ ನಗರದ ಶಾಲೆಗಳಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಪಾಠ ಹೇಳಿದ ಮೊದಲನೆಯ ಉಪಾಧ್ಯಾಯಿನಿಯಾದಳು. ವೈದ್ಯನ ಬರಹವು ಇಲ್ಲಿ ಬಾಗಿಲನ್ನು ಮುಚ್ಚುವ ಅಗುಳಿಯಾಗಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಲೈಂಗಿಕ ಅಲ್ಪಸಂಖ್ಯಾತರ ಕಥೆಯೂ ಇದಕ್ಕೆ ಸಮೀಪವಾದುದೇ. ಅಧ್ಯಕ್ಷ ಐಸೆನ್‌ಹೋವರನು 1953ರಲ್ಲಿ ಹೊರಡಿಸಿದ 10450ನೆಯ ಆಜ್ಞೆಯು ‘ಲೈಂಗಿಕ ವಿಕೃತಿ’ಯನ್ನು ಸರಕಾರದ ನೌಕರಿಗೆ ಅಯೋಗ್ಯತೆಯ ಕಾರಣಗಳಲ್ಲಿ ಒಂದಾಗಿ ಎಣಿಸಿತು. ಗುಪ್ತವಿಚಾರಣೆಗಳು ನಡೆದುವು, ನೆರೆಹೊರೆಯವರ ಮಾತುಗಳು, ಪತ್ರಗಳು, ಪೋಲೀಸರ ದಾಖಲೆಗಳು ಕಡತಗಳಲ್ಲಿ ಸೇರಿದುವು, ಸಾವಿರಾರು ಜನರು ಕೆಲಸವನ್ನು ಕಳೆದುಕೊಂಡರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಖಗೋಳಶಾಸ್ತ್ರವನ್ನು ಓದಿ ಡಾಕ್ಟರೇಟ್ ಪದವಿಯನ್ನು ಪಡೆದಿದ್ದ ಫ್ರ್ಯಾಂಕ್ ಕಾಮೆನಿ ಎಂಬವನನ್ನು ಸೈನ್ಯದ ನಕ್ಷಾ ಇಲಾಖೆಯು 1957ರಲ್ಲಿ ಹೊರಗೆ ಹಾಕಿತು. ಅವನ ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಅವನು ಸಲಿಂಗಾನುರಾಗಿಯೆಂಬುದೊಂದೇ ದೋಷ. ಅವನ ಮನವಿಯನ್ನು 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇಳಲು ಒಪ್ಪಲಿಲ್ಲ. ಆ ನಿಷೇಧವನ್ನು ನಾಗರಿಕ ಸೇವಾ ಆಯೋಗವು ತೆಗೆದುಹಾಕಿದುದು 1975ರಲ್ಲಿ. ಸರಕಾರವು ಅವನ ಕ್ಷಮೆಯನ್ನು ಬೇಡಿದುದು 2009ರಲ್ಲಿ. ಅಷ್ಟರಲ್ಲಿ ಅವನಿಗೆ ಎಂಬತ್ತನಾಲ್ಕು ವರ್ಷ ತುಂಬಿದ್ದಿತು. ಅಂತು ಈ ಇಬ್ಬರ ವಿಷಯದಲ್ಲಿಯೂ “ನೀನು ಯಾರು?” ಎಂಬ ಪ್ರಶ್ನೆಯನ್ನು ಕೇಳಿದುದು ಹೊರಗೆ ದೂಡುವುದಕ್ಕಾಗಿ, ಅದರ ಪ್ರಮಾಣವನ್ನು ಕೂಡಿಸಿದವರು ದೂಡುವವರೇ.

ಅಂಗವಿಕಲರಿಗೆ ಜೀವನೋಪಾಯವನ್ನು ಒದಗಿಸಬೇಕೆಂಬ ಯೋಚನೆಯು ಅಮೆರಿಕಾ ಸರಕಾರದಲ್ಲಿ ಬಲಗೊಂಡುದು ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. 1936ರ ರ‍್ಯಾಂಡೋಲ್ಫ್-ಷೆಪರ್ಡ್ ಶಾಸನವು ಒಕ್ಕೂಟ ಸರಕಾರದ ಕಟ್ಟಡಗಳಲ್ಲಿ ಪತ್ರಿಕೆ, ಸಿಹಿತಿಂಡಿ ಮೊದಲಾದವುಗಳನ್ನು ಮಾರುವ ಅಂಗಡಿಗಳನ್ನು ಅಂಧರು ನಡೆಸಲು ಎಡೆಮಾಡಿಕೊಟ್ಟಿತು. 1938ರ ವಾಗ್ನರ್-ಓಡೇ ಶಾಸನದ ಪ್ರಕಾರ ಸರಕಾರವು ಅಂಧರು ತಯಾರಿಸಿದ ಪೊರಕೆ ಮುಂತಾದ ಪದಾರ್ಥಗಳನ್ನು ಧರ್ಮಾರ್ಥ ಸಂಸ್ಥೆಗಳಿಂದ ಕೊಳ್ಳತೊಡಗಿತು. 1971ರಲ್ಲಿ ಇದನ್ನು ಇತರ ತೀವ್ರ ಅಂಗವಿಕಲರಿಗೂ ವಿಸ್ತರಿಸಿದರು. ಆದರೆ ಈ ಎರಡನೆಯ ಏರ್ಪಾಡಿನಲ್ಲಿ ಅಂಗವಿಕಲನು ಕೂಲಿಗಾರನೇ ಹೊರತು ಮಾಲೀಕನಲ್ಲ. ಅದೇ 1938ರ ಕೂಲಿಯ ಶಾಸನದಲ್ಲಿ, ಅಂಗವಿಕಲರಿಗೆ ಕನಿಷ್ಠ ಕೂಲಿಗಿಂತಲೂ ಕಡಿಮೆಯಾಗಿ ಕೊಡಬಹುದೆಂಬ ವಿನಾಯಿತಿಯೂ ಸೇರಿದ್ದಿತು. ದಯೆಯೇನೋ ಇದ್ದಿತು; ಸಮಾನತೆಯಿರಲಿಲ್ಲ. ಅಂಗವಿಕಲನೂ ಬಂಡವಾಳವನ್ನು ಹೂಡಿ, ಹತ್ತು ಜನಕ್ಕೆ ಕೆಲಸ ಕೊಟ್ಟು, ಲಾಭನಷ್ಟಗಳಿಗೆ ತಾನೇ ಹೊಣೆಯಾಗಬಲ್ಲನೆಂಬ ಭಾವನೆಯು ಬೇರೂರಲು ಇನ್ನೂ ಬಹಳ ಕಾಲ ಬೇಕಾಯಿತು.

ಮಾಲೀಕತ್ವದ ಪ್ರಶ್ನೆಯು ಹುಟ್ಟಿದುದು ಇನ್ನೊಂದು ಹೋರಾಟದಿಂದ, ಕರಿಯ ಜನರ ಹೋರಾಟದಿಂದ. 1967ರ ಬೇಸಿಗೆಯಲ್ಲಿ ಡೆಟ್ರಾಯಿಟ್ ನಗರದ ದಂಗೆಯಲ್ಲಿ 43 ಜನರು ಸತ್ತರು. ಇತರ ನಗರಗಳೂ ಉರಿದುವು. ಬರಿಯ ಮತದ ಹಕ್ಕಿನಿಂದ ಹೊಟ್ಟೆ ತುಂಬುವುದಿಲ್ಲ, ವ್ಯಾಪಾರದಲ್ಲಿಯೂ ಪಾಲು ಬೇಕು ಎಂಬ ಮಾತು ಆಗ ಬಲವಾಯಿತು. ಅಧ್ಯಕ್ಷ ನಿಕ್ಸನನು 1969ರ ಮಾರ್ಚಿಯಲ್ಲಿ ಅಲ್ಪಸಂಖ್ಯಾತರ ಉದ್ಯಮಗಳಿಗಾಗಿ ಪ್ರತ್ಯೇಕ ಕಚೇರಿಯೊಂದನ್ನು ಸ್ಥಾಪಿಸಿದನು. ಅಲ್ಪಸಂಖ್ಯಾತ ಸರಬರಾಜುದಾರರ ರಾಷ್ಟ್ರೀಯ ಮಂಡಲಿಯು 1972ರಲ್ಲಿ ಹುಟ್ಟಿತು. 1978ರ ಶಾಸನವೊಂದು, ಸರಕಾರದಿಂದ 5 ಲಕ್ಷ ಡಾಲರಿಗೂ (ಕಟ್ಟಡದ ಕೆಲಸವಾದರೆ 10 ಲಕ್ಷ ಡಾಲರಿಗೂ) ಹೆಚ್ಚಿನ ಗುತ್ತಿಗೆಯನ್ನು ಹಿಡಿದ ದೊಡ್ಡ ಕಂಪೆನಿಗಳು ಸಣ್ಣ ಉದ್ಯಮಗಳಿಗೂ ಹಿಂದುಳಿದವರ ಉದ್ಯಮಗಳಿಗೂ ಒಳಗುತ್ತಿಗೆಯನ್ನು ಹೇಗೆ ಹಂಚುವುವೆಂಬ ಯೋಜನೆಯನ್ನು ಒಪ್ಪಿಸಬೇಕೆಂದು ವಿಧಿಸಿತು. ಸ್ತ್ರೀಯರ ಉದ್ಯಮಗಳಿಗೆ ಪ್ರಮಾಣಪತ್ರವನ್ನು ಕೊಡುವ ರಾಷ್ಟ್ರೀಯ ಮಂಡಲಿಯು 1997ರಲ್ಲಿ ಸ್ಥಾಪಿತವಾಯಿತು.

ಲಾಭವಿರುವಲ್ಲಿ ಕಪಟವೂ ನುಸುಳುವುದು ಸಹಜ. ಬಿಳಿಯ ವ್ಯಾಪಾರಿಯು ಕರಿಯ ನೌಕರನ ಹೆಸರನ್ನು ಫಲಕದ ಮೇಲೆ ಬರೆಯಿಸುವುದು, ಗಂಡನು ಹೆಂಡತಿಯ ಹೆಸರಿನಲ್ಲಿ ವ್ಯಾಪಾರ ಮಾಡುವುದು, ಇಂಥವು ನಡೆದುವು. ನಮ್ಮ ಕಡೆಯವರಿಗೆ ‘ಬೇನಾಮಿ’ ಎಂಬ ಒಂದು ಮಾತಿನಲ್ಲಿ ಇದೆಲ್ಲವೂ ಅರ್ಥವಾಗುತ್ತದೆ. ಇದನ್ನು ತಡೆಯುವುದಕ್ಕಾಗಿ ನೆಲೆಗೊಂಡ ನಿಯಮವೇ ಶೇಕಡಾ 51ರ ನಿಯಮ. ಉದ್ಯಮದ ಷೇರುಗಳಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದ ಭಾಗವು ಆ ವರ್ಗದವರದಾಗಿರಬೇಕು. ಅಷ್ಟೇ ಸಾಲದು, ಉದ್ಯಮವನ್ನು ನಡೆಸುವವರೂ ಆಳುವವರೂ ಅವರೇ ಆಗಿರಬೇಕು. ಚೆಕ್ಕಿಗೆ ರುಜುಮಾಡುವವರು ಯಾರು? ನೌಕರರನ್ನು ನೇಮಿಸುವವರು, ತೆಗೆಯುವವರು ಯಾರು? ಮಾಲೀಕನಿಗೆ ಕಸುಬಿನ ಒಳಗುಟ್ಟು ತಿಳಿದಿದೆಯೆ? ಈ ಪ್ರಶ್ನೆಗಳ ಉತ್ತರವನ್ನು ಕಂಪೆನಿಯ ಸ್ಥಾಪನಾಪತ್ರ, ಷೇರಿನ ಪತ್ರ, ತೆರಿಗೆಯ ಲೆಕ್ಕ, ಬ್ಯಾಂಕಿನ ಕಾಗದಗಳು ಇವುಗಳಲ್ಲಿ ಹುಡುಕುವರು. ಕೊನೆಗೆ ಪರೀಕ್ಷಕರು ಉದ್ಯಮದ ಸ್ಥಳಕ್ಕೇ ಹೋಗಿ ಮಾಲೀಕನೊಡನೆ ಮಾತನಾಡುವುದೂ ಉಂಟು. ಕಾಗದದಲ್ಲಿ ಮಾಲೀಕನಾಗಿದ್ದು ಕೆಲಸದಲ್ಲಿ ಏನನ್ನೂ ಅರಿಯದವನು ಅಲ್ಲಿ ಸಿಕ್ಕಿಬೀಳುತ್ತಾನೆ.

ಲೈಂಗಿಕ ಅಲ್ಪಸಂಖ್ಯಾತರ ಉದ್ಯಮಗಳು ಈ ಪಂಕ್ತಿಗೆ ಬಂದುದು ಇಪ್ಪತ್ತೊಂದನೆಯ ಶತಮಾನದಲ್ಲಿ. ಜಸ್ಟಿನ್ ನೆಲ್ಸನ್, ಚಾನ್ಸ್ ಮಿಚೆಲ್ ಎಂಬಿಬ್ಬರು 2002ರಲ್ಲಿ ವಾಷಿಂಗ್ಟನ್ ನಗರದಲ್ಲಿ ನ್ಯಾಷನಲ್ ಗೇ ಅಂಡ್ ಲೆಸ್ಬಿಯನ್ ಛೇಂಬರ್ ಆಫ್ ಕಾಮರ್ಸ್ ಎಂಬ ವಾಣಿಜ್ಯ ಮಂಡಲಿಯನ್ನು ಸ್ಥಾಪಿಸಿದರು. 2004ರಲ್ಲಿ ಆ ಮಂಡಲಿಯು ಪ್ರಮಾಣಪತ್ರವನ್ನು ಕೊಡತೊಡಗಿತು. ಶೇಕಡಾ 51ರ ನಿಯಮವನ್ನೇ ಇದಕ್ಕೂ ಅನ್ವಯಿಸಿದರು. ಅಂಗವಿಕಲರ ವಿಷಯದಲ್ಲಿ ಈ ಕಾರ್ಯವನ್ನು ಕೈಗೊಂಡುದು ಯು.ಎಸ್. ಬಿಸಿನೆಸ್ ಲೀಡರ್‌ಷಿಪ್ ನೆಟ್‌ವರ್ಕ್ ಎಂಬ ಸಂಸ್ಥೆ. ಅದರ ಏರ್ಪಾಡು 2010ರಲ್ಲಿ ಆರಂಭವಾಯಿತು. 2018ರಲ್ಲಿ ಸಂಸ್ಥೆಯು ತನ್ನ ಹೆಸರನ್ನು ‘ಡಿಸೆಬಿಲಿಟಿ:ಇನ್’ ಎಂದು ಬದಲಾಯಿಸಿಕೊಂಡಿತು. ಇದರ ಹಿಂದೆ 1990ರ ಜುಲೈ 26ರಂದು ಅಧ್ಯಕ್ಷ ಹಿರಿಯ ಬುಷ್ ರುಜುಮಾಡಿದ ಅಂಗವಿಕಲರ ಹಕ್ಕಿನ ಶಾಸನದ ಬಲವಿದ್ದಿತು. ಜೀವನದ ಮುಖ್ಯವ್ಯಾಪಾರಗಳಲ್ಲಿ ಯಾವುದೊಂದನ್ನಾದರೂ ಗಣನೀಯವಾಗಿ ಕುಂಠಿಸುವ ದೇಹದ ಅಥವಾ ಮನಸ್ಸಿನ ಊನವೇ ವೈಕಲ್ಯವೆಂದು ಆ ಶಾಸನವು ಲಕ್ಷಣವನ್ನು ಹೇಳಿದೆ.

ಈ ಎರಡು ವರ್ಗಗಳಲ್ಲಿ ಪ್ರಮಾಣದ ಪ್ರಶ್ನೆಯು ವಿಶೇಷವಾದ ಕಷ್ಟವನ್ನು ತಂದೊಡ್ಡಿತು. ಅಂಗೈಯ ಹುಣ್ಣಿಗೆ ಕನ್ನಡಿ ಬೇಕಿಲ್ಲವೆಂದು ಗಾದೆ. ಆದರೆ ಎಲ್ಲ ಹುಣ್ಣುಗಳೂ ಅಂಗೈಯಲ್ಲಿರುವುದಿಲ್ಲ. ಕಣ್ಣಿಲ್ಲದವನ, ಕಾಲಿಲ್ಲದವನ ಸ್ಥಿತಿಯು ಪ್ರತ್ಯಕ್ಷಸಿದ್ಧ. ಅಪಸ್ಮಾರ, ಮನೋರೋಗ, ಶ್ರವಣದ ಮಾಂದ್ಯ ಮೊದಲಾದುವು ನೋಡಿದವರಿಗೆ ಕಾಣುವುದಿಲ್ಲ. ಆದ್ದರಿಂದ ಅಂಗವಿಕಲ ಮಾಲೀಕನು ವೈದ್ಯನ ಪತ್ರವನ್ನು ತರಬೇಕಾಯಿತು. ಹ್ಯೂಮನ್‌ಳ ಮುಂದೆ ಬಾಗಿಲನ್ನು ಮುಚ್ಚಿದ್ದ ವೈದ್ಯನ ಬರಹವೇ ನಾಲ್ವತ್ತು ವರ್ಷಗಳ ತರುವಾಯ ಅದೇ ದೇಶದಲ್ಲಿ ಇನ್ನೊಬ್ಬನಿಗೆ ಬಾಗಿಲನ್ನು ತೆರೆಯುವ ಕೀಲಿಕೈಯಾಯಿತು.

ಹೃದಯದ ಒಲವಿಗಾದರೋ ವೈದ್ಯನೂ ಇಲ್ಲ, ಪ್ರತ್ಯಕ್ಷವೂ ಇಲ್ಲ. ಇಲ್ಲಿ ಶಬ್ದಪ್ರಮಾಣವೊಂದೇ ಗತಿ. ಬಲ್ಲವರು ಬರೆದುಕೊಟ್ಟ ಸಾಕ್ಷಿಪತ್ರಗಳು, ಇಬ್ಬರ ಸಹಜೀವನದ ಅಥವಾ ವಿವಾಹದ ದಾಖಲೆ, ಇಂಥವುಗಳನ್ನು ಒಪ್ಪಿಕೊಂಡರು. ಈ ಏರ್ಪಾಡು ಆರಂಭವಾದ 2004ರಲ್ಲಿಯೇ ಮೇ ತಿಂಗಳಿನಲ್ಲಿ ಸಲಿಂಗ ವಿವಾಹವು ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಪ್ರಥಮವಾಗಿ ನ್ಯಾಯಸಮ್ಮತವಾಯಿತೆಂಬುದು ಇಲ್ಲಿ ಸ್ಮರಣೀಯ. ದೇಶಕ್ಕೆಲ್ಲ ಅದು ಅನ್ವಯವಾದುದು 2015ರ ಜೂನ್ 26ರಂದು, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ. ಆದರೆ ಸಲಿಂಗಾನುರಾಗಿ ಎಂಬ ಕಾರಣದಿಂದ ನೌಕರನನ್ನು ಕೆಲಸದಿಂದ ತೆಗೆಯುವುದು ಒಕ್ಕೂಟದ ಶಾಸನಕ್ಕೆ ವಿರುದ್ಧವೆಂದು ಅದೇ ನ್ಯಾಯಾಲಯವು ಹೇಳಿದುದು 2020ರ ಜೂನಿನಲ್ಲಿ. ಎಂದರೆ, ಒಬ್ಬ ಮಾಲೀಕನು ತನ್ನ ಒಲವನ್ನು ಬಹಿರಂಗಪಡಿಸಿ ಪ್ರಮಾಣಪತ್ರವನ್ನು ಪಡೆಯುತ್ತಿದ್ದ ಕಾಲದಲ್ಲಿಯೇ, ಅನೇಕ ಸಂಸ್ಥಾನಗಳಲ್ಲಿ ಅಂಥವನೇ ಆದ ನೌಕರನೊಬ್ಬನು ಅದೇ ಕಾರಣದಿಂದ ಕೂಳನ್ನು ಕಳೆದುಕೊಳ್ಳುವ ಸಂಭವವಿದ್ದಿತು. ಅರ್ಜಿಯ ಮೇಲೆ ರುಜುಮಾಡುವ ಕೈಯು ಕ್ಷಣಕಾಲ ತಡೆದಿದ್ದರೆ ಅದು ಹೇಡಿತನವಲ್ಲ. ಒಂದು ಕಂಪೆನಿಯ ಗುತ್ತಿಗೆಯು ದೊರೆಯಬಹುದು. ಊರಿನ ಹಳೆಯ ಗಿರಾಕಿಗಳು ಹತ್ತು ಮಂದಿ ದೂರವಾಗಲೂ ಬಹುದು. ಈ ತೂಕವನ್ನು ಪ್ರತಿಯೊಬ್ಬನೂ ತಾನೇ ಮಾಡಿಕೊಳ್ಳಬೇಕಾಗಿತ್ತು.

ಖಾಸಗಿ ಕಂಪೆನಿಗಳು ಅಂಗೀಕರಿಸಿದ ಈ ಪತ್ರವನ್ನು ಕ್ರಮೇಣ ಕೆಲವು ಸಂಸ್ಥಾನಗಳೂ ಮನ್ನಿಸಿದುವು. ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ತು, ಅನಿಲ, ದೂರವಾಣಿ ಮೊದಲಾದ ಸೇವೆಗಳನ್ನು ಒದಗಿಸುವ ದೊಡ್ಡ ಕಂಪೆನಿಗಳು ಅಲ್ಪಸಂಖ್ಯಾತರಿಂದಲೂ ಸ್ತ್ರೀಯರಿಂದಲೂ ಎಷ್ಟು ಕೊಂಡುವೆಂಬ ಲೆಕ್ಕವನ್ನು ಒಪ್ಪಿಸಬೇಕೆಂದು 1986ರಲ್ಲಿ ಶಾಸನವಾಗಿ, 1988ರಲ್ಲಿ ಸಾರ್ವಜನಿಕ ಸೇವಾ ಆಯೋಗದ 156ನೆಯ ಸಾಮಾನ್ಯ ಆಜ್ಞೆಯಾಗಿ ಜಾರಿಗೆ ಬಂದಿತ್ತು. ರಿಚರ್ಡ್ ಗಾರ್ಡನ್ ಎಂಬ ಶಾಸನಸಭಾಸದಸ್ಯನು ಮಂಡಿಸಿದ ಮಸೂದೆಗೆ ಗವರ್ನರ್ ಜೆರ‍್ರಿ ಬ್ರೌನನು 2014ರಲ್ಲಿ ರುಜುಮಾಡಲು, ಲೈಂಗಿಕ ಅಲ್ಪಸಂಖ್ಯಾತರ ಉದ್ಯಮಗಳೂ ಈ ಲೆಕ್ಕದಲ್ಲಿ ಸೇರಿದುವು. ಮ್ಯಾಸಚೂಸೆಟ್ಸ್ ಸಂಸ್ಥಾನದ ಗವರ್ನರ್ ಚಾರ್ಲಿ ಬೇಕರನು 2015ರ ನವೆಂಬರಿನಲ್ಲಿ ಹೊರಡಿಸಿದ ಆಜ್ಞೆಯು ಅಂಗವಿಕಲರು, ಲೈಂಗಿಕ ಅಲ್ಪಸಂಖ್ಯಾತರು, ಮಾಜಿ ಸೈನಿಕರು ಈ ಮೂವರನ್ನೂ ಸಂಸ್ಥಾನದ ಖರೀದಿಯ ಏರ್ಪಾಡಿನೊಳಕ್ಕೆ ಕರೆದುಕೊಂಡಿತು. ಒಕ್ಕೂಟ ಸರಕಾರವಾದರೋ ಯುದ್ಧಸೇವೆಯಲ್ಲಿ ಊನಗೊಂಡ ಸೈನಿಕರ ಉದ್ಯಮಗಳಿಗೆ ಮಾತ್ರ 1999ರಲ್ಲಿ ತನ್ನ ಖರೀದಿಯ ಶೇಕಡಾ 3ರ ಗುರಿಯನ್ನು ಇಟ್ಟಿತು. ಈಚೆಗೆ ಅದು ಶೇಕಡಾ 5ಕ್ಕೆ ಏರಿದೆ. ಹುಟ್ಟಿನಿಂದ ಕುರುಡನಾದ ಮಾಲೀಕನಿಗೆ ಅಂಥ ಗುರಿಯಿಲ್ಲ. ಒಂದೇ ಬಗೆಯ ಊನವಿದ್ದರೂ ಅದು ಬಂದ ದಾರಿಯಿಂದ ಅದರ ಬೆಲೆಯು ಬೇರೆಯಾಯಿತು. ಈ ಅಂತರದಿಂದಾಗಿ ಖಾಸಗಿ ಪ್ರಮಾಣಪತ್ರವೇ ಅವನಿಗೆ ಮುಖ್ಯವಾದ ಆಧಾರವಾಗಿ ಉಳಿಯಿತು.

ಪತ್ರದಿಂದ ಆದ ಫಲವೇನು? ವಾಣಿಜ್ಯ ಮಂಡಲಿಯು 2017ರಲ್ಲಿ ಪ್ರಕಟಿಸಿದ ವರದಿಯು, ತಾನು ಪ್ರಮಾಣಪತ್ರವನ್ನು ಕೊಟ್ಟ ಸುಮಾರು 900 ಉದ್ಯಮಗಳು ದೇಶದ ಸಂಪತ್ತಿಗೆ 115 ಕೋಟಿ ಡಾಲರನ್ನು ಸೇರಿಸಿ, 33,000ಕ್ಕೂ ಮಿಕ್ಕಿ ಉದ್ಯೋಗಗಳನ್ನು ಕಲ್ಪಿಸಿದುವೆಂದು ಹೇಳುತ್ತದೆ. ತನ್ನ ಕೆಲಸವನ್ನು ತಾನೇ ಹೇಳಿಕೊಂಡ ಲೆಕ್ಕವಾದರೂ, ಹೊರಗುಳಿದವರು ದಾನಪಾತ್ರರು ಮಾತ್ರವೇ ಅಲ್ಲ, ಇತರರಿಗೆ ಅನ್ನವನ್ನು ಕೊಡಬಲ್ಲವರು ಎಂಬುದು ಅದರಿಂದ ತೋರುತ್ತದೆ. ಆದರೆ ಪತ್ರವು ಬಾಗಿಲನ್ನು ಮಾತ್ರ ತೆರೆಯುತ್ತದೆ. ಗುತ್ತಿಗೆಯನ್ನು ತಂದು ಕೈಯಲ್ಲಿಡುವುದಿಲ್ಲ. ಬೆಲೆ, ಗುಣ, ಕಾಲಕ್ಕೆ ಸರಿಯಾದ ಪೂರೈಕೆ, ಈ ಮೂರರಲ್ಲಿಯೂ ಅವನು ಇತರರೊಡನೆ ಸ್ಪರ್ಧಿಸಲೇ ಬೇಕು. ಐದಾರು ಜನರ ಉದ್ಯಮವು ದೇಶವ್ಯಾಪಿಯಾದ ಕಂಪೆನಿಗೆ ಬೇಕಾದಷ್ಟು ಸರಕನ್ನು ಒದಗಿಸುವುದೂ, ಹಣವು ಕೈಸೇರುವವರೆಗೆ ತಿಂಗಳುಗಟ್ಟಲೆ ತಡೆದುಕೊಳ್ಳುವುದೂ ಸುಲಭವಲ್ಲ. ಕಾಗದಗಳನ್ನು ಕೂಡಿಸಲು ತಗಲುವ ಕಾಲವೂ, ಕಾಲಕಾಲಕ್ಕೆ ಪತ್ರವನ್ನು ನವೀಕರಿಸುವ ಶ್ರಮವೂ ಸಣ್ಣವನಿಗೇ ಹೆಚ್ಚು ಭಾರ.

ಆಕ್ಷೇಪಗಳೂ ಮೊದಲಿನಿಂದ ಇದ್ದುವು. ಸರಕಾರದ ಗುತ್ತಿಗೆಗಳಲ್ಲಿ ಜನಾಂಗವನ್ನು ನೋಡಿ ಪಾಲು ಹಂಚಬಹುದೆ ಎಂಬ ಪ್ರಶ್ನೆಯು 1989ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಗುತ್ತಿಗೆಯ ಹಣದಲ್ಲಿ ಶೇಕಡಾ 30ನ್ನು ಅಲ್ಪಸಂಖ್ಯಾತರಿಗೆ ಮೀಸಲಿಟ್ಟಿದ್ದ ರಿಚ್ಮಂಡ್ ನಗರದ ಕಟ್ಟಳೆಯನ್ನು ಅದು ಅನೂರ್ಜಿತಗೊಳಿಸಿತು. ವಿಶ್ವವಿದ್ಯಾನಿಲಯಗಳ ಪ್ರವೇಶದಲ್ಲಿ ಜನಾಂಗವನ್ನು ಎಣಿಸಕೂಡದೆಂಬ ತೀರ್ಪು 2023ರಲ್ಲಿ ಹೊರಬಿದ್ದ ಮೇಲೆ ಕಂಪೆನಿಗಳಲ್ಲಿಯೂ ಅಂಜಿಕೆ ಹುಟ್ಟಿತು. ಹಾರ್ಲೆ-ಡೇವಿಡ್‌ಸನ್ ಕಂಪೆನಿಯು ಸರಬರಾಜುದಾರರ ವೈವಿಧ್ಯಕ್ಕೆ ಇಟ್ಟಿದ್ದ ಖರ್ಚಿನ ಗುರಿಯು ಇನ್ನು ತನಗಿಲ್ಲವೆಂದು 2024ರಲ್ಲಿ ಸಾರಿತು. ಇನ್ನೂ ಕೆಲವು ಹೆಸರಾಂತ ಕಂಪೆನಿಗಳು ತಮ್ಮ ಏರ್ಪಾಡುಗಳನ್ನು ಸಂಕೋಚಗೊಳಿಸಿದುವು. 2025ರ ಜನವರಿ 21ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ 14173ನೆಯ ಆಜ್ಞೆಯು, ಸರಕಾರದ ಗುತ್ತಿಗೆಯನ್ನು ಹಿಡಿಯುವವರು ಶಾಸನವಿರುದ್ಧವಾದ ವೈವಿಧ್ಯದ ಏರ್ಪಾಡುಗಳನ್ನು ತಾವು ನಡೆಸುತ್ತಿಲ್ಲವೆಂದು ದೃಢೀಕರಿಸಬೇಕೆಂದು ವಿಧಿಸಿತು. ಕಾಲಚಕ್ರದ ಗತಿಯು ವಿಚಿತ್ರವಾದುದು! ಸಣ್ಣ ಮಾಲೀಕನಿಂದ ಪ್ರಮಾಣವನ್ನು ಕೇಳುತ್ತಿದ್ದ ಕಂಪೆನಿಯೇ ಈಗ ತನ್ನ ಪ್ರಮಾಣವನ್ನು ಒಪ್ಪಿಸಬೇಕಾದ ಸ್ಥಿತಿಗೆ ಬಂದಿತು.

ಈ ಪ್ರಮಾಣಪತ್ರಗಳನ್ನು ಯಾವ ಶಾಸನವೂ ನಿಷೇಧಿಸಿಲ್ಲ. ಆದರೆ ಅವುಗಳ ಬೆಲೆಯೆಲ್ಲ ಕೊಳ್ಳುವವನ ಮನಸ್ಸಿನಲ್ಲಿರುವುದರಿಂದ, ಆ ಮನಸ್ಸು ತಿರುಗಿದಾಗ ಪತ್ರದ ಬಲವೂ ಕುಗ್ಗುತ್ತದೆ. ತನ್ನ ಗುಟ್ಟನ್ನು ಹೇಳಿಕೊಂಡು ಪತ್ರವನ್ನು ಪಡೆದವನಿಗೆ ಮಾತ್ರ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯಿಲ್ಲ. ಕಾಮೆನಿಯ ಕಾಲದ ಕಡತಗಳನ್ನು ನೆನೆಯುವ ಹಿರಿಯರಿಗೆ, ಹೆಸರುಗಳಿರುವ ಯಾವ ಪಟ್ಟಿಯನ್ನು ಕಂಡರೂ ಅದು ನಾಳೆ ಯಾರ ಕೈಗೆ ಸೇರುವುದೋ ಎಂಬ ಶಂಕೆಯು ಬಂದರೆ ಆಶ್ಚರ್ಯವಿಲ್ಲ.

ಒಂದೂವರೆ ಶತಮಾನದ ಈ ವೃತ್ತಾಂತದಲ್ಲಿ ಕೇಳಿದ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ, ತಂದ ಪ್ರಮಾಣಗಳೂ ಒಂದೇ: ವೈದ್ಯನ ಬರಹ, ಬಲ್ಲವರ ಸಾಕ್ಷಿ, ಕಚೇರಿಯ ದಾಖಲೆ. ಭೇದವಿದ್ದುದು ಪ್ರಯೋಜನದಲ್ಲಿ. ಅನ್ಯರು ಹುಡುಕಿ ತೆಗೆದ ಪ್ರಮಾಣವು ಉಪಾಧ್ಯಾಯಿನಿಯನ್ನು ಶಾಲೆಯ ಹೊರಗೆ ನಿಲ್ಲಿಸಿತು, ಖಗೋಳಶಾಸ್ತ್ರಜ್ಞನನ್ನು ಬೀದಿಗೆ ತಂದಿತು. ತಾನಾಗಿ ತಂದ ಪ್ರಮಾಣವು ಮುದ್ರಣಾಲಯದ ಕುರುಡ ಮಾಲೀಕನನ್ನೂ, ಅಡಿಗೆಯ ಗುತ್ತಿಗೆಯನ್ನು ಹಿಡಿಯುವ ಸಲಿಂಗಾನುರಾಗಿಯನ್ನೂ ಕೊಳ್ಳುವವನ ಮೇಜಿನ ಎದುರಿಗೆ ಕೂರಿಸಿತು. ಪ್ರಮಾಣವನ್ನು ಕೇಳುವ ಅಧಿಕಾರವು ಯಾರಿಗಿದ್ದರೂ, ಅದು ಯಾವುದಕ್ಕಾಗಿ ಎಂಬುದನ್ನು ಕೊಡುವವನು ಮೊದಲು ಕೇಳಿ ತಿಳಿದುಕೊಳ್ಳುವುದು ಯುಕ್ತ.